ಫ್ಲ್ಯಾಶ್ ಇಲ್ಲದ ಕ್ಯಾಮೆರಾ

ಒಂಟಿಕೊಪ್ಪಲ್, ಮೈಸೂರು
೯ ನವೆಂಬರ್ ೨೦೨೪

ಮಗಳು ಗಗನಳಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನೀನು, ಅಳಿಯಂದಿರು, ಕೂಸು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೂರು ವಾರದಿಂದ ನಿನ್ನ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ. ಬೇಜಾರಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ಮಾತನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನಾಮಕರಣದ ಫೋಟೋ ನೋಡಿ ನೀನು ರೇಗಿದ್ದರಲ್ಲಿ ತಪ್ಪಿಲ್ಲ. "ಒಳಗೆ ತೆಗ್ದಿದ್ದೆಲ್ಲ ಮಸಿ ಬಳ್ದಂಗಿದೆ ಕಣಪ್ಪ. ಫ್ಲ್ಯಾಶೇ ಇಲ್ಲದ ಕ್ಯಾಮೆರಾನ ಯಾರಾದ್ರೂ ತಗೋತಾರಾ?" ಎಂದೆ. ಅಂಗಡಿಯ ಹುಡುಗಿಯೂ "ದಿನಾ ಮನೇಲಿ ಫೋಟೋ ತೆಗ್ಯೋಕೆ ಫ್ಲ್ಯಾಶ್ ಇದ್ರೇ ಅನುಕೂಲ ಸಾರ್" ಎಂದು ಎರಡು ಸಲ ಹೇಳಿದಳು. ಇಲ್ಲದ್ದೇ ಬೇಕೆಂದೆ. ಡಬ್ಬ ಬಿಚ್ಚಿಸಿ, ಕ್ಯಾಮೆರಾದ ನೆತ್ತಿಯನ್ನು ಬೆರಳಿನಿಂದ ಸವರಿ, ಮೇಲೇಳುವಂಥ ಫ್ಲ್ಯಾಶ್ ಎಲ್ಲೂ ಅಡಗಿಲ್ಲವೆಂದು ಖಾತ್ರಿ ಮಾಡಿಕೊಂಡೇ ತಂದೆ. ನಿನ್ನಮ್ಮ ಕಿಟಕಿಯ ಬೆಳಕಲ್ಲಿ ಸೊಪ್ಪು ಬಿಡಿಸುವುದು, ಹಾಲಿನವನು ಗೇಟಿನ ಹತ್ತಿರ ಹರಟೆ ಹೊಡೆಯುವುದು, ನನಗೆ ಅಷ್ಟು ಸಾಕು.

ಇದಕ್ಕೆ ಕಾರಣ ಹದಿನಾಲ್ಕು ವರ್ಷ ಹಳೆಯದು, ನಿನಗಾಗ ಹನ್ನೆರಡು ವರ್ಷ. ಪುನೀತ ಚಿಕ್ಕಪ್ಪ ಗರಡಿಯಲ್ಲಿ ಜಾರಿಬಿದ್ದು ಮೊಣಕೈ ಮುರಿದುಕೊಂಡ ಎಂದಷ್ಟೇ ಹೇಳಿದ್ದೆವು. ಅವನು ಜಾರಿಬೀಳಲಿಲ್ಲ.

ದಸರೆಗೆ ಇನ್ನೂ ಮೂರು ವಾರವಿತ್ತು. ಅಗ್ರಹಾರದ ಹಿಂದಿನ ಗರಡಿಮನೆಯಲ್ಲಿ ಉಸ್ತಾದ್ ಕೆಂಪಯ್ಯನವರು ಪುನೀತನಿಗೂ ಅವನ ಜೊತೆಗಾರ ಹರೀಶನಿಗೂ ಕುಸ್ತಿ ಇಟ್ಟಿದ್ದರು. ಗೆದ್ದವನು ದಸರಾ ಕುಸ್ತಿಗೆ. ನಾನು ಹೊಸ ಕ್ಯಾಮೆರಾ ಹಿಡಿದು ಹೋಗಿದ್ದೆ. ಆ ಗರಡಿಯೊಳಗೆ ಬೆಳಿಗ್ಗೆ ಹತ್ತಾದರೂ ಕತ್ತಲು, ಸೂರಿನಲ್ಲಿ ಒಂದೇ ಗಾಜಿನ ಹೆಂಚು. "ಫೋಟೋ ತೆಗಿ, ಬ್ಯಾಡ ಅನ್ನಕ್ಕಿಲ್ಲ. ಆ ಮಿಂಚು ಮಾತ್ರ ಹೊಡಿಬ್ಯಾಡ. ಕಣ್ಣಿಗೆ ಬಿದ್ರೆ ಪೈಲ್ವಾನ ಆ ಗಳಿಗೇಲಿ ಕುರುಡ ಆಗ್ಬುಡ್ತಾನೆ" ಎಂದು ಉಸ್ತಾದರು ಮೊದಲೇ ಹೇಳಿದ್ದರು.

ಅವತ್ತು ಅವರಿಬ್ಬರೂ ಸ್ನೇಹಿತರಾಗಿರಲಿಲ್ಲ. ಹರೀಶ ಮೊದಲ ಹಿಡಿತದಲ್ಲೇ ಹಣೆಯಿಂದ ಗುದ್ದಿ ಪುನೀತನ ಮೂಗು ಒಡೆದ. ಪುನೀತ ಅವನ ಕಿವಿ ಹಿಡಿದು ತಿರುಚಿದ. ಕಿವಿಯ ಬುಡ ಹರಿದು ರಕ್ತ ಕತ್ತಿಗಿಳಿಯಿತು. ಉಸ್ತಾದರು "ಬುಡ್ರೋ, ಬುಡ್ರೋ" ಎಂದು ಕೂಗುತ್ತಲೇ ಇದ್ದರು, ಇಬ್ಬರೂ ಕೇಳಲಿಲ್ಲ. ಹರೀಶ ಪುನೀತನನ್ನು ಅಂಗಾತ ಕೆಡವಿ, ಒಂದು ಭುಜವನ್ನು ಕೆಮ್ಮಣ್ಣಿಗೆ ತಾಗಿಸಿ, ಇನ್ನೊಂದನ್ನು ಒತ್ತುತ್ತಿದ್ದ. ಆಗ ನನ್ನ ಕ್ಯಾಮೆರಾದ ಫ್ಲ್ಯಾಶ್ ಹೊಳೆಯಿತು. ಹರೀಶ ಕಣ್ಣು ಮುಚ್ಚಿ ಮುಖ ತಿರುಗಿಸಿದ. ಹಿಡಿತ ಸಡಿಲವಾಯಿತು. ಪುನೀತ ಅವನ ಸೊಂಟ ತಬ್ಬಿ ಎದ್ದವನೇ ತಲೆಕೆಳಗು ಮಾಡಿ ನೆಲಕ್ಕೆ ಕುಕ್ಕಿದ. ಕತ್ತು ಮುರಿದ ಸದ್ದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು. ಹರೀಶನ ಕಾಲುಗಳು ಎರಡು ಸಲ ಒದ್ದುಕೊಂಡು ನಿಂತುಹೋದವು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮೂರನೇ ದಿನ, ನೀನು ಸ್ಕೂಲಿಗೆ ಹೋಗಿದ್ದಾಗ, ಹರೀಶನ ಇಬ್ಬರು ಅಣ್ಣಂದಿರು ಗರಡಿಯ ಮರದ ಗದೆ ಹಿಡಿದು ನಮ್ಮ ಮನೆಗೆ ನುಗ್ಗಿದರು. "ಎಲ್ಲೋ ಅವ್ನು, ನನ್ ತಮ್ಮನ ಕಣ್ಣಿಗೆ ಲೈಟ್ ಬುಟ್ಟೋನು?" ಕ್ಯಾಮೆರಾ ಕಿತ್ತುಕೊಂಡು ಅದರಿಂದಲೇ ನನ್ನ ಹಣೆಗೆ ಹೊಡೆದರು. ನಾನು ಕುಸಿದೆ. ಗದೆ ಎತ್ತಿದಾಗ ಪುನೀತ ಓಡಿಬಂದು ನನ್ನ ಮೇಲೆ ಅಡ್ಡ ಬಿದ್ದ.

"ನಮ್ಮಣ್ಣಂದೇನೂ ತಪ್ಪಿಲ್ಲ ಕಣ್ರೋ! ಕತ್ಲೆ ಇದ್ರೆ ಆ ಮಿಷನ್ನು ತಾನೇ ಹೊಡ್ಕೊತದೆ. ಕೊಂದೋನು ನಾನು, ನಂಗೆ ಹೊಡೀರಿ!"

ಹೊಡೆದರು. ಬಲ ಮೊಣಕೈ ಮೇಲೆ ನಾಲ್ಕು ಏಟು. ಮೂಳೆ ಚರ್ಮ ಸೀಳಿಕೊಂಡು ಹೊರಬಂತು. ಬೀದಿಯ ಜನ ಬಂದು ಬಿಡಿಸದಿದ್ದರೆ ಅವನೂ ಉಳಿಯುತ್ತಿರಲಿಲ್ಲ. ಕ್ಯಾಮೆರಾ ತಾನಾಗಿಯೇ ಹೊಳೆಯಿತೆಂದು ಅವನಿಗೆ ಹೇಳಿದ್ದವನು ನಾನು. ಪೊಲೀಸರಿಗೂ ಅದನ್ನೇ ಹೇಳಿದೆ. ಆಕಸ್ಮಿಕ ಸಾವೆಂದು ಬರೆದುಕೊಂಡು ಹೋದರು.

ಅಂದಿನಿಂದ ನಿನ್ನ ಚಿಕ್ಕಪ್ಪನ ಬಲಗೈ ಮಡಚುವುದಿಲ್ಲ. ಪೆಟ್ಟಿ ಅಂಗಡಿಯಲ್ಲಿ ಎಡಗೈಯಿಂದಲೇ ಎಲ್ಲ ಎತ್ತಿ ಕೊಡುತ್ತಾನೆ. ಹೆಣ್ಣು ನೋಡೋಣವೆಂದಾಗಲೆಲ್ಲ "ಕೊಂದ ಕೈ ಅಣ್ಣ ಇದು. ಯಾವ ಹುಡ್ಗಿ ಕೈ ಹಿಡೀಲಿ?" ಎನ್ನುತ್ತಿದ್ದ. ಆಮೇಲೆ ನಾವು ಕೇಳುವುದನ್ನೇ ಬಿಟ್ಟೆವು.

ಕೂಸನ್ನು ಕರೆದುಕೊಂಡು ಬಾ, ಹಿತ್ತಲ ಎಳೆಬಿಸಿಲಲ್ಲಿ ಚೆಂದಗೆ ತೆಗೆದುಕೊಡುತ್ತೇನೆ. ನಿಮ್ಮ ಸಂಸಾರ ತಣ್ಣಗಿರಲಿ, ಕೂಸಿಗೆ ಆಯಸ್ಸು ಗಟ್ಟಿಯಾಗಲಿ.

ಇಂತಿ ನಿನ್ನ ಅಪ್ಪ,
ಪ್ರಸನ್ನ

ತಾ.ಕ.: ಮೇಲಿನದನ್ನು ನಿನ್ನೆ ಬರೆದು ಮಡಚಿಟ್ಟೆ. ಇಷ್ಟು ಬರೆದರೂ ಸತ್ಯ ಬರೆದಿರಲಿಲ್ಲ. ಕ್ಯಾಮೆರಾ ತಾನಾಗಿ ಹೊಳೆಯಲಿಲ್ಲ, ಗಗನ. ಉಸ್ತಾದರು ಹೇಳಿದ ಕೂಡಲೇ ನಾನು ಫ್ಲ್ಯಾಶ್ ನಿಲ್ಲಿಸಿದ್ದೆ. ತಮ್ಮ ಸೋಲುತ್ತಿದ್ದಾನೆಂದು ಕಂಡಾಗ ಗುಂಡಿ ಒತ್ತಿ ಫ್ಲ್ಯಾಶನ್ನು ಮತ್ತೆ ಎಬ್ಬಿಸಿದೆ. ಹರೀಶನ ಕಣ್ಣಿಗೇ ಗುರಿಯಿಟ್ಟೆ. ಅವನು ಸಾಯಲೆಂದಲ್ಲ, ಪುನೀತ ಗೆಲ್ಲಲೆಂದು.

ಈ ಬೆಳಿಗ್ಗೆ ಪುನೀತನಿಗೆ ಹೇಳಿಬಿಟ್ಟೆ. ಎಡಗೈಯಲ್ಲಿ ಬಾಯಿಗೆ ಗುದ್ದಿದ. ಬಿದ್ದವನನ್ನು ಒದ್ದ. ನಿನ್ನಮ್ಮ ಕಾಲು ಹಿಡಿದರೂ ಬಿಡಲಿಲ್ಲ. ಎರಡು ಹಲ್ಲು ಹೋಗಿವೆ. ಕೊನೆಗೆ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತ. "ಹದಿನಾಲ್ಕು ವರ್ಸ ಕಣಣ್ಣ. ಹರೀಶನ ಅವ್ವ ಪುಟ್ಟಬಸಮ್ಮ ಬಾಗ್ಲಲ್ಲಿ ಕೂತಿರ್ತಾಳೆ ಅಂತ ಆ ಬೀದೀನೇ ತುಳ್ದಿಲ್ಲ ನಾನು. ಎದ್ದೇಳು. ಆಯಮ್ಮಂಗೆ ನೀನೇ ನಿನ್ ಬಾಯಲ್ಲಿ ಹೇಳು."

ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾನೆ. ಇವತ್ತು ಭಾನುವಾರ, ಹರೀಶನ ಅಣ್ಣಂದಿರೂ ಮನೆಯಲ್ಲೇ ಇರುತ್ತಾರೆ. ಕಾಗದವನ್ನು ನಿನ್ನಮ್ಮನ ಕೈಗೆ ಕೊಟ್ಟು ಹೊರಡುತ್ತಿದ್ದೇನೆ. ಹೋಗಿ ಬರುತ್ತೇನೆ, ಮಗಳೇ.