ತೊಂಬತ್ತು ದಿನದ ಕಾರ್ಡು

ಅಕ್ಕನಿಗೆ ನಮಸ್ಕಾರ.

ಖರ್ಚು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈದುಕೋ. ನಾಳೆಯ ಹೃದಯದ ಆಪರೇಷನ್ನಿಗೆ ಎರಡು ಲಕ್ಷ ಕಟ್ಟಿದ್ದೇನೆ. ಡಾಕ್ಟರು "ಏನೂ ಆಗಲ್ಲ, ಹೆದರಬೇಡಿ" ಅಂದರು. ಮೂವತ್ತು ವರ್ಷ ಗಾಜು ಮಾರಿದವನು ನಾನು. "ಒಡೆಯಲ್ಲ, ಹೆದರಬೇಡಿ" ಅಂತ ಗಿರಾಕಿಗಳಿಗೆ ನಾನೂ ಹೇಳಿದ್ದೇನೆ.

ಜೇಬಿನಲ್ಲಿ ಎರಡು ಕ್ರೆಡಿಟ್ ಕಾರ್ಡು ಇದ್ದವು. ಎರಡಕ್ಕೂ ವಾರ್ಷಿಕ ಶುಲ್ಕವಿಲ್ಲ, ಬಿಲ್ಲಿನ ಹಣ ಖಾತೆಯಲ್ಲಿದೆ. ಹಾಗಾಗಿ ಏನೇ ಆದರೂ ಯಾರೂ ನಿನ್ನ ಬಾಗಿಲು ತಟ್ಟುವುದಿಲ್ಲ. ಹಸಿರು ಕಾರ್ಡಿನಲ್ಲಿ ನೂರಕ್ಕೆ ಎರಡರಂತೆ ನಾಲ್ಕು ಸಾವಿರ ಕ್ಯಾಶ್‌ಬ್ಯಾಕ್ ಅಂದೇ ಬರುತ್ತದೆ. ನೀಲಿಯದರಲ್ಲಿ ಮೂರರಂತೆ ಆರು ಸಾವಿರ, ಆದರೆ ತೊಂಬತ್ತು ದಿನ ಕಳೆದ ಮೇಲೆ. ಅಷ್ಟರಲ್ಲಿ ಕಾರ್ಡಿನವನೇ ಇಲ್ಲವಾದರೆ ಆ ದುಡ್ಡೂ ಇಲ್ಲ.

"ಸಿಕ್ಕಿದ್ದು ತಗೊಂಡು ಬಾರೋ ಪೆದ್ದಾ" ಅಂತ ನೀನು ಗದರಿದ್ದು ಕಿವಿಯಲ್ಲೇ ಕೇಳಿಸಿತು. ಜೀವಮಾನದಲ್ಲಿ ಯಾರಿಗೂ ಸಾಲ ಕೊಡದ ನಾನು ನೀಲಿ ಕಾರ್ಡನ್ನೇ ಚಾಚಿದೆ. ಕೈ ನಡುಗಿ ಪಿನ್ ಎರಡು ಸಲ ತಪ್ಪಿತು.

"ಏಸಿ ಜಾಸ್ತಿ ಆಯ್ತಾ ಸಾರ್?" ಅಂದಳು ಕೌಂಟರಿನವಳು.

"ಹೂಂ ಕಣಮ್ಮ" ಅಂದೆ.

ಬೆಳಿಗ್ಗೆ ಏಳಕ್ಕೆ ಒಳಗೆ ಕರೆದೊಯ್ಯುತ್ತಾರೆ. ಆರಕ್ಕೇ ಬಾ. ಬರುವ ಮುಂಚೆ ಅಂಗಡಿಯ ಕ್ಯಾಲೆಂಡರಿನಲ್ಲಿ ತೊಂಬತ್ತನೆಯ ದಿನಕ್ಕೆ ಗುರುತು ಹಾಕು, ಕೆಂಪು ಶಾಯಿಯಲ್ಲಿ.

ಲೆಕ್ಕ ಇಷ್ಟು: ಆಸ್ಪತ್ರೆಗೆ ಎರಡು ಲಕ್ಷ. ಬ್ಯಾಂಕಿಗೆ, ಸದ್ಯಕ್ಕೆ, ನನ್ನ ಆರು ಸಾವಿರ ಸಾಲ. ನಿನಗೆ ಬೈಯಲು ಒಂದು ಹೊಸ ಕಾರಣ. ನನಗೆ, ತೊಂಬತ್ತನೆಯ ದಿನ ನಾನೇ ಮಾಡಬೇಕಾದ ಒಂದು ವಸೂಲಿ.

ನಿನ್ನ ಪೆದ್ದ ತಮ್ಮ