ಮೂರನೆಯ ಪಟ್ಟಿಯೂ ಹಾಳಾಗಲಿ

ನವೆಂಬರ್ ೯, ಭಾನುವಾರ, ರಾತ್ರಿ

ದುರ್ಬೀನಿಗೆ ತಂದ ಮೂರನೆಯ ಕತ್ತುಪಟ್ಟಿಯೂ ಹಾಳಾಗಿ ಹೋಗಲಿ. ಕೆರೆ ದಂಡೆಯಲ್ಲಿ ನಾಲ್ಕು ಗಂಟೆ ನಿಂತು ಬಾತುಕೋಳಿ ಎಣಿಸಿ ಬಂದಿದ್ದೇನೆ, ಕತ್ತು ತಿರುಗಿಸಲಾಗುತ್ತಿಲ್ಲ.

ಮೊದಲನೆಯದು ಚರ್ಮದ್ದು, ಕತ್ತು ಕೊಯ್ದಿತು. ಎರಡನೆಯದು ಸ್ಪಂಜಿನದು, ಬೆವರು ಕುಡಿದು ನಾಯಿ ನಾಲಿಗೆಯಂತೆ ಅಂಟಿಕೊಂಡಿತು. ಇವತ್ತಿನ ಎಲಾಸ್ಟಿಕ್ಕಿನದು ಹೆಜ್ಜೆಗೊಮ್ಮೆ ದುರ್ಬೀನನ್ನು ಕುಣಿಸಿ ಹೊಟ್ಟೆಗೆ ಗುದ್ದಿತು. ಅಂಗಡಿಯವನದು ಮಾತ್ರ ಮೂರು ಸಲವೂ ಒಂದೇ ರಾಗ: "ಹಾಕ್ಕೊಂಡಿದ್ದೇ ಗೊತ್ತಾಗಲ್ಲ ಮೇಡಂ." ಅವನ ಕತ್ತಿಗೇ ಕಟ್ಟಿ ನಾಲ್ಕು ಗಂಟೆ ನಿಲ್ಲಿಸಬೇಕು.

ನನ್ನ ಗೊಣಗಾಟ ಕೇಳಲಾರದೆ ಅಕ್ಕ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು.

"ಪಟ್ಟಿದೇನೂ ತಪ್ಪಿಲ್ಲ ಕಣೇ. ಇಷ್ಟುದ್ದ ಯಾಕೆ ಬಿಟ್ಟಿದ್ದೀಯ? ಹೊಟ್ಟೆ ಮೇಲೆ ತೂಗಾಡ್ತಿದ್ರೆ ಕತ್ತು ಎಳೀದೆ ಇರುತ್ತಾ?"

"ಹಳೇ ಪಟ್ಟಿ ಅಳತೆಗೆ ಸರಿಯಾಗೇ ಹಾಕಿದ್ದೀನಿ," ಎಂದು ಸಿಡುಕಿದೆ.

"ಹಳೇದು ಯಾರ ಅಳತೆ?"

ಹಳೆಯದು ನಮ್ಮ ಯಜಮಾನರದು. ನನಗಿಂತ ಒಂದು ತಲೆ ಎತ್ತರದ ಮನುಷ್ಯ. ತೀರಿಕೊಂಡು ಎರಡು ವರ್ಷವಾಯಿತು. ನಾನು ಪ್ರತಿ ಹೊಸ ಪಟ್ಟಿಯನ್ನೂ ಅದರ ಪಕ್ಕ ಮಲಗಿಸಿ, ಅವರ ಬಕಲ್ ಇದ್ದಲ್ಲೇ ನನ್ನ ಬಕಲ್ ಕೂರಿಸುತ್ತ ಬಂದಿದ್ದೇನೆ. ಮೂರು ಸಲ! ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅಕ್ಕ ಮಲಗಿದ ಮೇಲೆ ಬಕಲನ್ನು ನಾಲ್ಕು ಬೆರಳು ಮೇಲೆಳೆದು ನೋಡಿದೆ. ದುರ್ಬೀನು ಎದೆಯ ಮೇಲೆ ಗಟ್ಟಿಯಾಗಿ ಕೂತಿತು. ಕೋಣೆಯಲ್ಲಿ ನಾಲ್ಕು ಸುತ್ತು ನಡೆದರೂ ಕದಲಲಿಲ್ಲ. ಅಂಗಡಿಯವನ ಮಾತೇ ನಿಜವಾಯಿತು, ಹಾಕಿಕೊಂಡಿದ್ದೇ ಗೊತ್ತಾಗಲಿಲ್ಲ.

ಅದಕ್ಕೇ ಬಕಲನ್ನು ಮತ್ತೆ ಯಜಮಾನರ ಅಳತೆಗೇ ಕೆಳಗಿಳಿಸಿ, ಕತ್ತಿಗೆ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಉರಿದರೆ ಉರಿಯಲಿ, ಇವತ್ತೊಂದು ದಿನ.