ಹಸಿರುಗಾಯಿಯ ಬೀಜ

ಘಾಟ್ಕೋಪರ್, ಮುಂಬಯಿ
೧೦ ಜನವರಿ ೧೯೭೪

ಅಕ್ಕಾ ಬಸಲಿಂಗವ್ವಾ, ನಿನ್ನ ತಮ್ಮನ ನಮಸ್ಕಾರ.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತೀಯೋ, ಬರೀ ಬೈಯುತ್ತೀಯೋ? ನಾವು ಆರಾಮ. ನನ್ನಾಕೆ ಸುಂದ್ರವ್ವ ದಿನಾ ನಿನ್ನನ್ನು ನೆನೆಯುತ್ತಾಳೆ. ನನ್ನನ್ನು ಬೈಯಲು ಅವಳಿಗೆ ಜೊತೆಯಿಲ್ಲ.

ದಸರೆಗೆ ಬಂದಾಗ ನಮ್ಮ ಬೀಜ ಸಂಶೋಧನೆಯ ತೋಟದಲ್ಲಿ ಕಡಲೆಯ ಕುಡಿ ಚಿವುಟಿ ಪಲ್ಯ ಮಾಡಿದೆಯಲ್ಲ, ಆ ನಾಚಿಕೆಗೆ ನನ್ನ ಮೂರು ಕಾಗದಕ್ಕೂ ಉತ್ತರವಿಲ್ಲ. ಸಾಕು ಬಿಡವ್ವ. ತಿಂಗಳ ಗಿಡಕ್ಕೆ ಕುಡಿ ಚಿವುಟುವುದು ಊರ ರೂಢಿ. ಕೊಂಬೆ ಹೆಚ್ಚು, ಕಾಯಿ ಹೆಚ್ಚು. ಆದರೆ ನಮಗೆ ಬೇಕಾದದ್ದು ರಾಶಿಯಲ್ಲ, ಅವಸರ. ಚಿವುಟಿದ ಗಿಡ ಹದಿನೈದು ದಿನ ತಡವಾಗಿ ಹೂ ಬಿಟ್ಟಿತು. ತೋಟದ ದೊಡ್ಡ ಸಾಹೇಬರು ನನ್ನನ್ನು ನೋಡಿದರು, ನಾನು ಗಿಡವನ್ನು ನೋಡಿದೆ, ಗಿಡ ಯಾರನ್ನೂ ನೋಡಲಿಲ್ಲ. ಪಲ್ಯ ಮಾತ್ರ ರುಚಿಯಾಗಿತ್ತು.

ನಿನ್ನ ಹೊಲದ ಕಡಲೆ ನಿಂತಲ್ಲೇ ಒಣಗುತ್ತದಲ್ಲ, ಆ ರೋಗಕ್ಕೆ ಜಗ್ಗದ ತಳಿ ಮಾಡಲು ಏಳೆಂಟು ತಲೆಮಾರು ಬೇಕು. ವರ್ಷಕ್ಕೊಂದೇ ಬೆಳೆಯಾದರೆ ಏಳೆಂಟು ವರ್ಷ. ಅಷ್ಟರಲ್ಲಿ ಕಡಲೆ ಅಗಿಯಲು ನಿನಗೆ ಹಲ್ಲಿರಬೇಕಲ್ಲ? ಅದಕ್ಕೇ ಸಂಜೆ ಬಲ್ಬು ಹಚ್ಚಿ, ಹಗಲು ಇನ್ನೂ ಮುಗಿದಿಲ್ಲ ಎಂದು ಗಿಡವನ್ನು ನಂಬಿಸುತ್ತೇವೆ, ಬೇಗ ಹೂವಾಗುತ್ತದೆ. ಕಾಯಿ ಹಸಿರಿರುವಾಗಲೇ ಕಿತ್ತು, ಬೀಜ ಒಣಗಿಸಿ ಮತ್ತೆ ಬಿತ್ತುತ್ತೇವೆ. ವರ್ಷಕ್ಕೆ ಮೂರು ತಲೆಮಾರು! ಪ್ರಾಸವನ್ನೂ ಕಟ್ಟಿದ್ದೇನೆ: ‘ಬಲ್ಬು ಹಚ್ಚಿದರೆ ಹೂವು, ಕುಡಿ ಚಿವುಟಿದರೆ ನೋವು.’ ಸಾಹೇಬರಿಗೆ ಕನ್ನಡ ಬಾರದು, ಬಹಳ ಮೆಚ್ಚಿದರು.

ತೊಡಕು ಒಂದೇ, ಯಾವ ದಿನ ಕೀಳುವುದು? ಮೊದಲ ಸಲ ಎಳೆಯವನ್ನು ಕಿತ್ತೆ. ಇಪ್ಪತ್ತರಲ್ಲಿ ಹದಿನಾರು ಬೀಜ ಮಣ್ಣಲ್ಲೇ ಕೊಳೆತವು. ಆಗ ಹಸಿಗಡಲೆ ಸುಡುವಾಗ ನೀನು ಅನ್ನುತ್ತಿದ್ದದ್ದು ನೆನಪಾಯಿತು: ‘ಹಸರ ನೋಡಬ್ಯಾಡೋ ಖೋಡಿ, ಒತ್ತಿ ನೋಡು. ಒಳಗಿನ ಕಾಳು ಬೆರಳಿಗೆ ಎದುರು ಮಾತಾಡಬೇಕು.’ ಹಾಗೇ ಒತ್ತಿ ಕಿತ್ತೆ. ಅರ್ಧಕ್ಕರ್ಧ ಮೊಳೆತವು. ಪೆನ್ನು ಹಿಡಿದ ಬೆರಳಿಗೆ ಕಾಳು ಅಷ್ಟೇ ಮಾತಾಡುತ್ತದೆ.

ಮಕ್ಕಳಿಗೆ ಆಶೀರ್ವಾದ, ಓಣಿಯ ಹಿರಿಯರಿಗೆಲ್ಲ ಶರಣು.

ನಿನ್ನ ತಮ್ಮ,
ಗದಿಗೆಪ್ಪ

ತಾ.ಕ.: ರೋಗದ ಮಣ್ಣಲ್ಲಿ ಬಿತ್ತಿದ್ದರಲ್ಲಿ ಹನ್ನೊಂದೇ ಗಿಡ ಬದುಕಿವೆ, ಕಾಯಿ ತುಂಬುತ್ತಿವೆ. ತಿಂಗಳ ಕೊನೆಗೆ ಕೀಳಬೇಕು. ಎಳೆಯದರಲ್ಲೇ ಕಿತ್ತರೆ ತಳಿ ಅಲ್ಲಿಗೇ ಮುಗಿಯಿತು, ಬಲಿಯಲೆಂದು ಕಾದರೆ ಒಂದು ತಲೆಮಾರು ತಪ್ಪುತ್ತದೆ. ಒತ್ತಿ ನೋಡಬಲ್ಲವರು ಯಾರೆಂದು ಸಾಹೇಬರು ಕೇಳಿದರು. ಪಲ್ಯ ಮಾಡಿದವಳೇ ಅಂದೆ. ನಕ್ಕು, ನಿನ್ನ ಹೆಸರನ್ನು ಹಾಜರಿಪಟ್ಟಿಗೆ ಬರೆದರು. ನಮ್ಮ ಚಾಳಿನ ಬಂಡೆಪ್ಪ ಸಂಕ್ರಾಂತಿಗೆ ಊರಿಗೆ ಬರುತ್ತಿದ್ದಾನೆ, ಇಪ್ಪತ್ತಕ್ಕೆ ಹೊರಡುತ್ತಾನೆ. ಉತ್ತರ ಬರೆಯಬೇಡ, ಅವನ ಜೊತೆ ರೈಲು ಹತ್ತು. ದಾದರ್ ಸ್ಟೇಷನ್ನಿನಲ್ಲಿ ನಾನಿರುತ್ತೇನೆ.